ಕಡಲ ತಳದ ಕಲ್ದಾರ ರೂಪಾಯಿ, ನಮ್ಮ ಅಜ್ಜಿಯರ ಪೆಟ್ಟಿಗೆಯ ಬೆಳ್ಳಿ



ನಾವು ನಮ್ಮ ಶಾಲೆಯಲ್ಲಿ ಎಂಟನೇ ತರಗತಿಗೆ ಸಮಾಜ ವಿಜ್ಞಾನ ಹೇಳಿಕೊಡುತ್ತೇವೆ. ಹೋದ ವರ್ಷ ಬೇಸಿಗೆ ರಜೆಗೆ ಮುಂಚೆ, "ಮನೆಯಲ್ಲಿ ಹಳೆಯ ನಾಣ್ಯ ಇದ್ದರೆ ಕೇಳಿ ತನ್ನಿರಿ, ನೋಡಿ ವಾಪಸ್ ಕೊಡೋಣ" ಎಂದು ಮಕ್ಕಳಿಗೆ ಹೇಳಿದ್ದೆವು. ಮರುದಿನ ಹೆಚ್ಚಿನವರು ಐದು ಪೈಸೆ, ಹತ್ತು ಪೈಸೆ ತಂದರು. ಮಕ್ತಲ್ ಕಡೆಯ ಹಳ್ಳಿಯ ಒಬ್ಬ ಹುಡುಗ ಮಾತ್ರ ದಸ್ತಿಯಲ್ಲಿ ಗಂಟು ಕಟ್ಟಿಕೊಂಡು ಐದು ಬೆಳ್ಳಿ ರೂಪಾಯಿ ತಂದಿದ್ದ.

"ಸರ್, ಸಂಜಿಗೆ ವಾಪಸ್ ಒಯ್ಯಬೇಕ್ರಿ. ಅಕ್ಕನ ಮದುವಿಗೆ ಕಾಲ್ಚೈನು ಮಾಡಿಸಾಕ ಪತ್ತಾರರಿಗೆ ಕೊಡ್ತೀನಿ ಅಂತ ಅಜ್ಜಿ ಹೇಳ್ಯಾಳ" ಎಂದ.

ಇಡೀ ತರಗತಿ ಮೇಜಿನ ಸುತ್ತ ಸೇರಿತು. ಒಬ್ಬ ಹುಡುಗಿ ಕೇಳಿದ ಪ್ರಶ್ನೆ ಇಂದಿನ ಈ ಬರಹಕ್ಕೆ ಕಾರಣ. "ಸರ್, ಮೊದಲು ಎಲ್ಲಾ ರೂಪಾಯಿನೂ ಬೆಳ್ಳೀದೇ ಇದ್ದವು ಅಂತೀರಿ. ಮತ್ತ ಅಷ್ಟೂ ಬೆಳ್ಳಿ ಎಲ್ಲಿಗೆ ಹೋಯ್ತ್ರಿ?"

ಬಹಳಷ್ಟು ಪತ್ತಾರರ ಕುಲುಮೆಗೆ ಹೋಯಿತು. ಬಹಳಷ್ಟು ಸರ್ಕಾರದ ಟಂಕಸಾಲೆಗೆ ಮರಳಿ ಹೋಗಿ ಕರಗಿತು. ಸ್ವಲ್ಪ ಭಾಗ ಸಮುದ್ರದ ತಳಕ್ಕೂ ಹೋಯಿತು. ಈ ಮೂರನೆಯ ಮಾತನ್ನು ಮಕ್ಕಳು ನಂಬಲಿಲ್ಲ. ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇವೆ.

ಐದು ನಾಣ್ಯಗಳ ಪರಿಚಯ

ಮೊದಲು ಆ ಐದು ನಾಣ್ಯಗಳನ್ನು ನೋಡೋಣ. ಮೂರರ ಮೇಲೆ ಚಾರ್‌ಮಿನಾರ್ ಇತ್ತು. ಇವು ನಿಜಾಮರ ಕಾಲದ ಹಾಲಿ ಸಿಕ್ಕಾ ರೂಪಾಯಿಗಳು. ಇನ್ನೆರಡು ಬ್ರಿಟಿಷ್ ಸರ್ಕಾರದವು. ಒಂದರ ಮೇಲೆ ವಿಕ್ಟೋರಿಯಾ ರಾಣಿ, ಇನ್ನೊಂದರ ಮೇಲೆ ಐದನೇ ಜಾರ್ಜ್, ಇಸವಿ 1918. ಇಂಥ ಬ್ರಿಟಿಷ್ ರೂಪಾಯಿಗೆ ನಮ್ಮ ಕಡೆ ಹಿರಿಯರು 'ಕಲ್ದಾರ' ಎನ್ನುತ್ತಿದ್ದರು.

ನಾರಾಯಣಪೇಟೆ, ಮಕ್ತಲ್, ಗದ್ವಾಲ, ಆಚೆಯ ರಾಯಚೂರು ಎಲ್ಲವೂ ಆಗ ಹೈದರಾಬಾದ್ ಸಂಸ್ಥಾನದಲ್ಲೇ ಇದ್ದವು. ಹಾಗಾಗಿ ನಮ್ಮ ಅಜ್ಜ ಅಜ್ಜಿಯರು ಎರಡು ಬಗೆಯ ರೂಪಾಯಿ ಕಂಡವರು. ಕಲ್ದಾರದ ತೂಕ 180 ಗ್ರೇನ್, ಅಂದರೆ 11.66 ಗ್ರಾಂ. ಅದರ 12 ಪಾಲಿನಲ್ಲಿ 11 ಪಾಲು ಶುದ್ಧ ಬೆಳ್ಳಿ. ನಾವು ಈಗಲೂ ಹೇಳುವ 'ಒಂದು ತೊಲ' ಎಂಬ ಅಳತೆ ಈ ರೂಪಾಯಿಯ ತೂಕವೇ. ಹಾಲಿ ಸಿಕ್ಕಾ 172.5 ಗ್ರೇನ್ ತೂಗುತ್ತಿತ್ತು, ಬೆಳ್ಳಿಯೂ ಸ್ವಲ್ಪ ಕಡಿಮೆ. ಆದ್ದರಿಂದ 100 ಕಲ್ದಾರಕ್ಕೆ ಸುಮಾರು 116 ಹಾಲಿ ರೂಪಾಯಿ ಎಂಬ ಲೆಕ್ಕ ನಡೆಯುತ್ತಿತ್ತು. ಹೈದರಾಬಾದಿನ ಹಣ ಪೂರ್ತಿ ನಿಂತದ್ದು 1959ರಲ್ಲಿ.

ಇದಕ್ಕೂ ಹಿಂದೆ ನಮ್ಮ ಊರುಗಳಲ್ಲೇ ನಾಣ್ಯ ಅಚ್ಚಾಗುತ್ತಿತ್ತು ಎಂದರೆ ಮಕ್ಕಳಿಗೆ ಇನ್ನೂ ಅಚ್ಚರಿ. ನಾಣ್ಯಶಾಸ್ತ್ರಜ್ಞರು ಹೈದರಾಬಾದ್ ಸಂಸ್ಥಾನದ ಸಾಮಂತರ ಟಂಕಸಾಲೆಗಳನ್ನು ಪಟ್ಟಿ ಮಾಡುವಾಗ ಗದ್ವಾಲ, ನಾರಾಯಣಪೇಟೆ, ವನಪರ್ತಿ, ಸುರಪುರ, ಕಲ್ಯಾಣಿ ಎಂದು ಹೆಸರಿಸುತ್ತಾರೆ. ಗದ್ವಾಲ ಸಂಸ್ಥಾನದ ನಾಣ್ಯ ರಾಯಚೂರು ಸೀಮೆಯಲ್ಲೂ ಓಡಾಡುತ್ತಿತ್ತು. ಇಂದು ಗದ್ವಾಲ ಎಂದರೆ ಸೀರೆ, ನಾರಾಯಣಪೇಟೆ ಎಂದರೆ ಸೀರೆ ಎಂದಷ್ಟೇ ನಮಗೆ ಗೊತ್ತು. ಆ ನಾಣ್ಯಗಳು ನಮ್ಮ ಮನೆಗಳಲ್ಲಿ ಕಾಣಿಸುವುದೇ ಇಲ್ಲ. ಹೆಚ್ಚಿನವು ಕರಗಿಹೋಗಿವೆ.

ಜಾರ್ಜ್ ರಾಜನ 1918ರ ರೂಪಾಯಿಯ ಹಿಂದೆಯೂ ಒಂದು ಕಥೆ ಇದೆ. ಮೊದಲನೇ ಮಹಾಯುದ್ಧದ ಸಮಯದಲ್ಲಿ ಭಾರತದಲ್ಲಿ ಬೆಳ್ಳಿಗೆ ಬಹಳ ಬರ ಬಂತು. ನೋಟು ಹಿಡಿದು ಬಂದವರಿಗೆ ಬೆಳ್ಳಿ ರೂಪಾಯಿ ಕೊಡಲಾಗದ ಸ್ಥಿತಿ. ಆಗ ಅಮೆರಿಕ 1918ರಲ್ಲಿ ಪಿಟ್‌ಮನ್ ಕಾಯ್ದೆ ಎಂಬುದನ್ನು ಮಾಡಿ, ತನ್ನ ಖಜಾನೆಯ ಬೆಳ್ಳಿ ಡಾಲರುಗಳನ್ನು ಕರಗಿಸಿ ಸುಮಾರು 20 ಕೋಟಿ ಔನ್ಸ್ ಬೆಳ್ಳಿಯನ್ನು ಬ್ರಿಟನ್ನಿಗೆ ಮಾರಿತು. ಅದು ಭಾರತದ ಟಂಕಸಾಲೆಗಳಿಗೆ ಬಂದು ರೂಪಾಯಿಯಾಯಿತು. ಅಂದರೆ ಸಮುದ್ರ ದಾಟಿ ಬಂದ ಡಾಲರು ನಮ್ಮ ಹೊಲಗಳ ಕೂಲಿಯಾಯಿತು. ಮುಂದೆ ಕಾಲು ಶತಮಾನದಲ್ಲಿ ಬೆಳ್ಳಿ ಮತ್ತೆ ಹಡಗು ಹತ್ತಿತು.

ಬೆಳ್ಳಿ ಮನೆಯಿಂದ ಹೊರಟದ್ದು

ಎರಡನೇ ಮಹಾಯುದ್ಧ 1939ರಲ್ಲಿ ಶುರುವಾಯಿತು. 1940ರಲ್ಲಿ ಫ್ರಾನ್ಸ್ ಸೋತ ಸುದ್ದಿ ಬಂದಾಗ ಜನ ಹೆದರಿದರು. ಸರ್ಕಾರವೇ ಬಿದ್ದರೆ ಕಾಗದದ ನೋಟಿಗೆ ಏನು ಬೆಲೆ? ನೋಟು ಕೊಟ್ಟು ಬೆಳ್ಳಿ ರೂಪಾಯಿ ತೆಗೆದುಕೊಂಡು ಮನೆಯಲ್ಲಿ ಬಚ್ಚಿಡಲು ಮುಗಿಬಿದ್ದರು. ಇದು ಅವರ ತಪ್ಪಲ್ಲ. ಬ್ಯಾಂಕು ಕಾಣದ ರೈತನಿಗೂ ಕೂಲಿಯವನಿಗೂ ಬೆಳ್ಳಿಯೇ ಬ್ಯಾಂಕು. ಮಳೆ ಬಾರದ ವರ್ಷಕ್ಕೆ, ಮಗಳ ಮದುವೆಗೆ, ಕಾಯಿಲೆಗೆ ಎಂದು ಒಂದೊಂದೇ ರೂಪಾಯಿ ಕೂಡಿಡುತ್ತಿದ್ದರು.

ಸರ್ಕಾರ ಮೂರು ಕೆಲಸ ಮಾಡಿತು. 1940ರಲ್ಲಿ ಒಂದು ರೂಪಾಯಿಯ ನೋಟು ತಂದಿತು. ಅದೇ ವರ್ಷ ಹೊಸ ರೂಪಾಯಿಯಲ್ಲಿ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿತು. ಆಮೇಲೆ ಹಳೆಯ ಒಳ್ಳೆ ಬೆಳ್ಳಿಯ ರೂಪಾಯಿಗಳನ್ನು ಒಂದೊಂದಾಗಿ ರದ್ದು ಮಾಡಿ ಹಿಂದಕ್ಕೆ ಪಡೆಯಿತು. 1941ರಲ್ಲಿ ವಿಕ್ಟೋರಿಯಾ ರೂಪಾಯಿ, 1942ರಲ್ಲಿ ಎಡ್ವರ್ಡ್ ರೂಪಾಯಿ, 1943ರಲ್ಲಿ ಜಾರ್ಜ್ ರಾಜರ ಹಳೆಯ ರೂಪಾಯಿ ಹೀಗೆ ಚಲಾವಣೆ ಕಳೆದುಕೊಂಡವು. ಗಡುವಿನೊಳಗೆ ತಂದು ಕೊಟ್ಟವರಿಗೆ ರೂಪಾಯಿಗೆ ರೂಪಾಯಿ ಸಿಕ್ಕಿತು. ಆದರೆ ಕೊಟ್ಟದ್ದು ಹೆಚ್ಚುಕಡಿಮೆ ಒಂದು ತೊಲ ಬೆಳ್ಳಿ, ಪಡೆದದ್ದು ಕಾಗದ ಇಲ್ಲವೆ ಅರ್ಧ ಬೆಳ್ಳಿ. ಗಡುವಿನ ಸುದ್ದಿಯೇ ತಿಳಿಯದೆ ಪೆಟ್ಟಿಗೆಯಲ್ಲಿ ಉಳಿದ ರೂಪಾಯಿಗಳೇ ಇಂದು ನಮ್ಮ ಕೈಗೆ ಸಿಗುತ್ತಿರುವುದು.

ಇದರ ಮುಂದಿನ ಭಾಗ ಇನ್ನೂ ವಿಚಿತ್ರ. ಯುದ್ಧದ ಕೊನೆಯ ವರ್ಷಗಳಲ್ಲಿ ಭಾರತ ಸರ್ಕಾರಕ್ಕೆ ಬೆಳ್ಳಿ ಸಾಲದೆ ಅಮೆರಿಕದಿಂದ ಸುಮಾರು 22 ಕೋಟಿ 60 ಲಕ್ಷ ಔನ್ಸ್ ಬೆಳ್ಳಿ ಸಾಲ ತರಬೇಕಾಯಿತು. ಆ ಸಾಲ ತೀರಿದ್ದು ಸ್ವಾತಂತ್ರ್ಯ ಬಂದ ಮೇಲೆ, 1957ರಲ್ಲಿ. ಅದಕ್ಕಾಗಿ ಬೆಳ್ಳಿ ಬೆರೆತ ಹಳೆಯ ನಾಣ್ಯಗಳನ್ನು ಮತ್ತೆ ಕರಗಿಸಲಾಯಿತು.

'ಸಿಟಿ ಆಫ್ ಕೈರೋ' ಹಡಗು

ಈಗ ಸಮುದ್ರದ ಕಥೆಗೆ ಬರೋಣ. 1942ರ ಅಕ್ಟೋಬರ್ 1ರಂದು ಮುಂಬೈ ಬಂದರಿನಿಂದ 'ಸಿಟಿ ಆಫ್ ಕೈರೋ' ಎಂಬ ಹಡಗು ಇಂಗ್ಲೆಂಡಿಗೆ ಹೊರಟಿತು. ಅದು 1915ರಲ್ಲಿ ಕಟ್ಟಿದ ಹಳೆಯ ಉಗಿ ಹಡಗು. ಅದರಲ್ಲಿ ಕಬ್ಬಿಣ, ಹತ್ತಿ, ಉಣ್ಣೆ, ಮ್ಯಾಂಗನೀಸ್ ಅದಿರುಗಳ ಜೊತೆಗೆ ಸುಮಾರು 2,000 ಪೆಟ್ಟಿಗೆ ಬೆಳ್ಳಿ ರೂಪಾಯಿ ಇತ್ತು. ಯುದ್ಧದ ಖರ್ಚಿಗೆಂದು ಬ್ರಿಟಿಷ್ ಸರ್ಕಾರ ತರಿಸಿಕೊಳ್ಳುತ್ತಿದ್ದ ಬೆಳ್ಳಿ ಅದು. ನೆನಪಿಡಿ, ಅದು ನಮ್ಮಲ್ಲಿ 'ಕ್ವಿಟ್ ಇಂಡಿಯಾ' ಚಳವಳಿ ನಡೆಯುತ್ತಿದ್ದ ವರ್ಷ. ಗಾಂಧೀಜಿ ಆಗಸ್ಟಿನಲ್ಲೇ ಬಂಧನಕ್ಕೊಳಗಾಗಿದ್ದರು.

ಮುಂಬೈಗೆ ನಮ್ಮ ಕಡೆಯಿಂದ ದಾರಿ ಹೊಸದಲ್ಲ. ರಾಯಚೂರಿನಿಂದ ಮುಂಬೈಗೆ ರೈಲು ಹಾದಿ 1871ರಲ್ಲೇ ಆಗಿತ್ತು. ನಮ್ಮ ಕೃಷ್ಣಾ ಸ್ಟೇಷನ್ ಅದೇ ಹಾದಿಯ ಮೇಲಿದೆ. ಈ ಸೀಮೆಯ ಹತ್ತಿ ಆ ಕಡೆ ಹೋಗುತ್ತಿತ್ತು, ಕಲ್ದಾರ ಈ ಕಡೆ ಬರುತ್ತಿತ್ತು. ಪೆಟ್ಟಿಗೆಯಲ್ಲಿ ಸೇರಿದ ಮೇಲೆ ಯಾವ ರೂಪಾಯಿ ಯಾವ ಊರಿನದು ಎಂದು ಹೇಳಲು ಬರುವುದಿಲ್ಲ. ಆದರೆ ಆ ಪೆಟ್ಟಿಗೆಗಳಲ್ಲಿ ಇದ್ದದ್ದು ದೇಶದ ಯಾವುದೋ ಸಂತೆಯಲ್ಲಿ, ಯಾರದೋ ಸೆರಗಿನ ತುದಿಯಲ್ಲಿ ಓಡಾಡಿದ ಹಣವೇ.

ಹಡಗು ಡರ್ಬನ್, ಕೇಪ್ ಟೌನ್ ಮುಟ್ಟಿ ಬ್ರೆಜಿಲ್ ಕಡೆ ತಿರುಗಿತು. ಕಾವಲಿಗೆ ಬೇರೆ ಹಡಗು ಇರಲಿಲ್ಲ. ನವೆಂಬರ್ 6ರ ರಾತ್ರಿ, ಸೇಂಟ್ ಹೆಲೆನಾ ದ್ವೀಪದ ದಕ್ಷಿಣಕ್ಕೆ ಬಹಳ ದೂರದಲ್ಲಿ, ಯು-68 ಎಂಬ ಜರ್ಮನ್ ಜಲಾಂತರ್ಗಾಮಿ ಟಾರ್ಪಿಡೊ ಹೊಡೆಯಿತು. ಜನ ದೋಣಿಗಳಿಗೆ ಇಳಿಯುತ್ತಿದ್ದಂತೆ ಎರಡನೆಯದನ್ನೂ ಹೊಡೆಯಿತು. ಹಡಗಿನಲ್ಲಿ ಹೆಂಗಸರು ಮಕ್ಕಳೂ ಸೇರಿ 300ರ ಆಸುಪಾಸು ಜನ ಇದ್ದರು. ಮುಳುಗಿದ ರಾತ್ರಿ ಸತ್ತವರು ಕಡಿಮೆ. ಆಮೇಲೆ ತೆರೆದ ದೋಣಿಗಳಲ್ಲಿ ನೀರಿಲ್ಲದೆ, ಬಿಸಿಲಿಗೆ ಸಿಕ್ಕಿ ಸತ್ತವರೇ ಹೆಚ್ಚು. ಒಟ್ಟು ನೂರಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಒಂದು ದೋಣಿ 51 ದಿನ ತೇಲಿ ಬ್ರೆಜಿಲ್ ಹತ್ತಿರ ಸಿಕ್ಕಾಗ ಅದರಲ್ಲಿ ಜೀವಂತ ಇದ್ದವರು ಇಬ್ಬರೇ.

ಇಲ್ಲಿ ಒಂದು ಮಾತು ಹೇಳಬೇಕು. ಆ ಹಡಗಿನ ಕೆಲಸಗಾರರಲ್ಲಿ ಬಹುಪಾಲು ನಮ್ಮ ದೇಶದವರು. ಅವರಿಗೆ ಲಸ್ಕರ್ ಎಂದು ಕರೆಯುತ್ತಿದ್ದರು. ಕಲ್ಲಿದ್ದಲು ಹಾಕುವುದು, ಅಡುಗೆ, ಡೆಕ್ ತೊಳೆಯುವುದು ಎಲ್ಲವೂ ಅವರ ಪಾಲು. ಸತ್ತವರಲ್ಲಿಯೂ ಹಡಗಿನ ಕೆಲಸಗಾರರೇ ಹೆಚ್ಚು. ಮುಳುಗಿದ ನಿಧಿಯ ಸುದ್ದಿ ಬಂದಾಗಲೆಲ್ಲ ಬೆಳ್ಳಿ ಎಷ್ಟು ಟನ್ ಎಂಬುದು ದಪ್ಪ ಅಕ್ಷರದಲ್ಲಿ ಬರುತ್ತದೆ. ಇವರ ಮಾತು ಕೊನೆಯ ಸಾಲಿನಲ್ಲಿಯೂ ಬರುವುದು ಅಪರೂಪ.

ಎಪ್ಪತ್ತು ವರ್ಷದ ನಂತರ ಮೇಲೆ ಬಂತು

2011ರಲ್ಲಿ 'ಡೀಪ್ ಓಷನ್ ಸರ್ಚ್' ಎಂಬ ಕಂಪನಿ ಬ್ರಿಟಿಷ್ ಸರ್ಕಾರದ ಒಪ್ಪಂದದ ಮೇಲೆ ಈ ಹಡಗನ್ನು ಹುಡುಕಿತು. ಅದು 5,150 ಮೀಟರ್ ಆಳದಲ್ಲಿತ್ತು. ಟೈಟಾನಿಕ್ ಬಿದ್ದಿರುವುದು ಸುಮಾರು 3,800 ಮೀಟರ್ ಆಳದಲ್ಲಿ ಎಂದರೆ ಅಂದಾಜು ಸಿಗುತ್ತದೆ. ಅಷ್ಟು ಆಳದಲ್ಲಿ ಮನುಷ್ಯ ಈಜಲಾರ. ಮೇಲಿನ ಹಡಗಿನಿಂದಲೇ ನಡೆಸುವ ಯಂತ್ರಗಳನ್ನು ಇಳಿಸಿ, ಕೆಸರಿನಲ್ಲಿ ಹೂತ ಬೆಳ್ಳಿ ಎತ್ತಿದರು. 2013ರಲ್ಲಿ ಕೆಲಸ ಮುಗಿಯಿತು. ಸುದ್ದಿ ಹೊರಗೆ ಬಂದದ್ದು 2015ರಲ್ಲಿ. ಸುಮಾರು 100 ಟನ್ ಬೆಳ್ಳಿ, ಬೆಲೆ 3 ಕೋಟಿ 40 ಲಕ್ಷ ಪೌಂಡ್, ಅಂದಿನ ಲೆಕ್ಕದಲ್ಲಿ ಮುನ್ನೂರು ಕೋಟಿ ರೂಪಾಯಿಗೂ ಹೆಚ್ಚು ಎಂದು ಪತ್ರಿಕೆಗಳು ಬರೆದವು.

ನಾವು ಇದನ್ನು ಬೋರ್ಡಿನ ಮೇಲೆ ಲೆಕ್ಕ ಮಾಡಿಸಿದೆವು. ಒಂದು ರೂಪಾಯಿಗೆ 11.66 ಗ್ರಾಂ ಆದರೆ 100 ಟನ್‌ಗೆ ಎಷ್ಟು ರೂಪಾಯಿ? ಸುಮಾರು 85 ಲಕ್ಷ. 2,000 ಪೆಟ್ಟಿಗೆಗೆ ಹಂಚಿದರೆ ಒಂದೊಂದರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು. "ಸರ್, ಆ ನಾಣ್ಯ ಈಗ ಮ್ಯೂಸಿಯಂದಾಗ ಅದಾವೇನ್ರಿ?" ಎಂದು ಮಕ್ಕಳು ಕೇಳಿದರು. ಇಲ್ಲ. ಬಹುಪಾಲನ್ನು ಕರಗಿಸಿ ಬೆಳ್ಳಿಯಾಗಿ ಮಾರಿದರು. ಬಂದ ಹಣವನ್ನು ಬ್ರಿಟಿಷ್ ಖಜಾನೆಯೂ ಕಂಪನಿಯೂ ಹಂಚಿಕೊಂಡವು. ಎಪ್ಪತ್ತು ವರ್ಷ ಸಮುದ್ರ ಕಾಪಾಡಿದ್ದನ್ನು ದಡಕ್ಕೆ ಬಂದ ಮೇಲೆ ಕುಲುಮೆ ನುಂಗಿತು.

ಗೇರುಸೊಪ್ಪೆಯ ಹೆಸರಿನ ಹಡಗು

ಕನ್ನಡಿಗರು ತಿಳಿಯಲೇಬೇಕಾದ ಇನ್ನೊಂದು ಹಡಗಿದೆ. ಅದರ ಹೆಸರೇ 'ಗೇರ್‌ಸೊಪ್ಪ'. ಉತ್ತರ ಕನ್ನಡದ ಶರಾವತಿ ದಡದ ಗೇರುಸೊಪ್ಪೆ, ಕಾಳುಮೆಣಸಿನ ರಾಣಿ ಎಂದು ಪೋರ್ಚುಗೀಸರು ಕರೆದ ಚೆನ್ನಭೈರಾದೇವಿಯ ಊರು. ಜೋಗಕ್ಕೆ ಬ್ರಿಟಿಷರು 'ಗೇರ್‌ಸೊಪ್ಪ ಜಲಪಾತ' ಎನ್ನುತ್ತಿದ್ದರು. ಆ ಹೆಸರನ್ನು 1919ರಲ್ಲಿ ಇಂಗ್ಲೆಂಡಿನಲ್ಲಿ ಕಟ್ಟಿದ ಸರಕು ಹಡಗಿಗೆ ಇಟ್ಟರು.

ಅದು 1940ರ ಡಿಸೆಂಬರಿನಲ್ಲಿ ಕಲ್ಕತ್ತಾದಿಂದ ಚಹಾ, ಕಬ್ಬಿಣ, ಬೆಳ್ಳಿ ಹೇರಿಕೊಂಡು ಹೊರಟಿತು. ಬಿರುಗಾಳಿಗೆ ಸಿಕ್ಕಿ ಕಲ್ಲಿದ್ದಲು ಸಾಲದೆ ಜೊತೆಯ ಹಡಗುಗಳನ್ನು ಬಿಟ್ಟು ಐರ್ಲೆಂಡ್ ಕಡೆ ತಿರುಗಿತು. 1941ರ ಫೆಬ್ರವರಿಯಲ್ಲಿ ಯು-101 ಅದನ್ನು ಮುಳುಗಿಸಿತು. ಎಂಬತ್ತಕ್ಕೂ ಹೆಚ್ಚು ಜನರಲ್ಲಿ ಬದುಕಿ ದಡ ಸೇರಿದವನು ರಿಚರ್ಡ್ ಏರ್ಸ್ ಎಂಬ ಅಧಿಕಾರಿ ಒಬ್ಬನೇ. ಅಲ್ಲಿಯೂ ಬಹಳ ಮಂದಿ ಭಾರತದ ಲಸ್ಕರುಗಳೇ ಇದ್ದರು. ಅಮೆರಿಕದ 'ಒಡಿಸ್ಸಿ ಮರೀನ್' ಕಂಪನಿ 2012 ಮತ್ತು 2013ರಲ್ಲಿ 4,700 ಮೀಟರ್ ಆಳದಿಂದ ಒಟ್ಟು 2,792 ಬೆಳ್ಳಿ ಗಟ್ಟಿಗಳನ್ನು ಎತ್ತಿತು. 2014ರಲ್ಲಿ ಬ್ರಿಟನ್ನಿನ ರಾಯಲ್ ಮಿಂಟ್ ಅದರಲ್ಲಿ ಸ್ವಲ್ಪ ಬೆಳ್ಳಿಯಿಂದ ನಾಣ್ಯ ಮಾಡಿ, ಅಂಚಿನ ಮೇಲೆ ಹಡಗಿನ ಹೆಸರು ಬರೆದು ಮಾರಿತು. ನಮ್ಮ ಗೇರುಸೊಪ್ಪೆಯ ಹೆಸರು ಹೀಗೆ ಇಂಗ್ಲೆಂಡಿನ ನಾಣ್ಯದ ಮೇಲೆ ಬಂತು.

ಆದರೆ ಆ ಹಡಗಿನಿಂದ ಬೆಳ್ಳಿಗಿಂತ ದೊಡ್ಡ ವಸ್ತು ಒಂದು ಸಿಕ್ಕಿತು. ಅದು ಟಪಾಲು. ಕೆಸರಿನಲ್ಲಿ ಹೂತು ಕೊಳೆಯದೆ ಉಳಿದ ಏಳು ನೂರಕ್ಕೂ ಹೆಚ್ಚು ಪತ್ರಗಳು! ಭಾರತದಲ್ಲಿದ್ದವರು ತಮ್ಮ ಮನೆಗೆ ಬರೆದವು. ಲಂಡನ್ನಿನ ಅಂಚೆ ವಸ್ತು ಸಂಗ್ರಹಾಲಯ ಅವುಗಳಲ್ಲಿ ಕೆಲವನ್ನು 2018ರಲ್ಲಿ ಪ್ರದರ್ಶಿಸಿತು. ಬೆಳ್ಳಿ ಎಲ್ಲಿಯದಾದರೂ ಬೆಳ್ಳಿಯೇ. ಪತ್ರ ಮಾತ್ರ ಯಾರು, ಯಾರಿಗೆ, ಯಾಕೆ ಎಂದು ಹೇಳುತ್ತದೆ.

ಯಾರ ಬೆಳ್ಳಿ?

ಮಕ್ಕಳ ಕೊನೆಯ ಪ್ರಶ್ನೆ ಇದೇ. ಕಾನೂನಿನ ಉತ್ತರ ಸುಲಭ. ಸರಕು ಯಾರ ಹೆಸರಿನಲ್ಲಿತ್ತೋ ಅವರದು. ಮುಂಬೈಯಿಂದಲೇ ಹೊರಟು 1942ರ ನವೆಂಬರ್ 23ರಂದು ಜಪಾನಿನ ಜಲಾಂತರ್ಗಾಮಿಗೆ ಬಲಿಯಾದ 'ತಿಲಾವಾ' ಹಡಗಿನಲ್ಲಿ 280 ಜನ ಸತ್ತರು. 2017ರಲ್ಲಿ ಅದರ 2,364 ಬೆಳ್ಳಿ ಗಟ್ಟಿಗಳನ್ನು ಎತ್ತಿದಾಗ ಎತ್ತಿದ ಕಂಪನಿಗೂ ದಕ್ಷಿಣ ಆಫ್ರಿಕಾ ಸರ್ಕಾರಕ್ಕೂ ವ್ಯಾಜ್ಯವಾಯಿತು. 2024ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು ದಕ್ಷಿಣ ಆಫ್ರಿಕಾದ ಪರ ತೀರ್ಪು ಕೊಟ್ಟಿತು. ಬೆಳ್ಳಿ ಕೊಂಡಿದ್ದವರು ಅವರೇ.

ಆದರೆ ಇತಿಹಾಸದ ಉತ್ತರ ಬೇರೆ. ಬೆಳ್ಳಿಯ ಒಡೆಯ ಬದಲಾಗಬಹುದು. ಅದನ್ನು ದುಡಿದು ಕೂಡಿಟ್ಟವರ ಕಥೆಗೆ ಒಡೆಯರು ಅವರ ಮನೆಯವರೇ, ಅಂದರೆ ನಾವೇ. ಆ ಕಥೆಯನ್ನು ನಾವೇ ಬರೆದಿಡದಿದ್ದರೆ ಬೇರೆ ಯಾರೂ ಬರೆಯುವುದಿಲ್ಲ. ಗಡಿಯ ಈಚೆ ಇರುವ ನಮ್ಮಂಥ ಕನ್ನಡ ಶಾಲೆಗಳಿಗೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. ರಾಜ್ಯದ ಇತಿಹಾಸ ಬರೆಯುವವರು ನಮ್ಮ ಊರಿನ ತನಕ ಬರುವುದು ಕಡಿಮೆ.

ನಾವು ಮಾಡಿದ್ದು, ನೀವೂ ಮಾಡಬಹುದಾದದ್ದು

ಅಂದು ಸಂಜೆಯೊಳಗೆ ನಾಣ್ಯ ಹಿಂದಿರುಗಿಸಬೇಕಿತ್ತು. ಮಕ್ಕಳು ಪ್ರತಿ ನಾಣ್ಯದ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಎರಡೂ ಬದಿಯ ಅಚ್ಚು ತೆಗೆದರು. ಇಸವಿ, ತೂಕ, ಯಾರ ಮನೆಯದು, ಹೇಗೆ ಬಂತು ಎಂದು ಒಂದು ನೂರು ಪುಟದ ನೋಟ್‌ಬುಕ್‌ನಲ್ಲಿ ಬರೆದರು. ಚಾರ್‌ಮಿನಾರ್ ರೂಪಾಯಿಯ ಬಾಗಿಲಿನೊಳಗೆ ಒಂದು ಅಕ್ಷರ ಇರುತ್ತದೆ. 'ಮೀಮ್' ಇದ್ದರೆ ಮಹಬೂಬ್ ಅಲಿ ಖಾನರ ಕಾಲ, 'ಐನ್' ಇದ್ದರೆ ಉಸ್ಮಾನ್ ಅಲಿ ಖಾನರ ಕಾಲ. ಉರ್ದು ಬಲ್ಲ ಸಹೋದ್ಯೋಗಿಯೊಬ್ಬರು ಓದಿ ಹೇಳಿದರು, ಮೂರೂ 'ಐನ್'. ಈ ಕೆಲಸಕ್ಕೆ ಸಲಕರಣೆ ಬೇಡ, ಹಣ ಬೇಡ. ಎರಡು ಪೀರಿಯಡ್ ಸಾಕು.

ಒಂದು ಎಚ್ಚರಿಕೆ. ನಾಣ್ಯವನ್ನು ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಬೇಡಿ, ಅಕ್ಷರ ಸವೆಯುತ್ತದೆ. ಇನ್ನೊಂದು, ಹೊಲ ಉಳುವಾಗ, ಪಾಯ ತೋಡುವಾಗ ನಾಣ್ಯದ ಗಡಿಗೆ ಸಿಕ್ಕರೆ ಅದು ಮನೆಯ ನಾಣ್ಯದಂತಲ್ಲ. 1878ರ ನಿಧಿ ಕಾಯ್ದೆಯ ಪ್ರಕಾರ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ನೆಲದಲ್ಲಿ ಸಿಕ್ಕರೆ ಕಲೆಕ್ಟರರಿಗೆ ತಿಳಿಸಬೇಕು. ಬಚ್ಚಿಟ್ಟರೆ ಶಿಕ್ಷೆ ಇದೆ, ತಿಳಿಸಿದವರಿಗೆ ಕಾಯ್ದೆಯಲ್ಲಿ ಪಾಲೂ ಇದೆ.

ಒಂದು ವಾರದ ನಂತರ ಹುಡುಗನ ಅಜ್ಜಿಯೇ ಶಾಲೆಗೆ ಬಂದರು. ನಾವು ನೋಟ್‌ಬುಕ್ ತೋರಿಸಿದೆವು. ಓದಲು ಬಾರದ ಆ ತಾಯಿ ಪೆನ್ಸಿಲ್ ಅಚ್ಚಿನ ಮೇಲೆ ಬೆರಳಾಡಿಸಿ, "ನಮ್ಮವ್ವಗ ಆಕಿ ಅವ್ವ ಕೊಟ್ಟದ್ರಿ ಇವು. ಹತ್ತಿ ಬಿಡಿಸಿದ ಕೂಲಿ. ವರ್ಷಕ್ಕೊಂದು ಉಳಿದ್ರ ದೊಡ್ಡದು ಅಂತಿದ್ಲು" ಎಂದರು. ಮೊಮ್ಮಗನಿಗೂ ಆ ಮಾತು ಹೊಸದು. ನಾವು ಅದನ್ನೂ ಬರೆದುಕೊಂಡೆವು.

ನಾಲ್ಕು ರೂಪಾಯಿ ಕರಗಿ ಅಕ್ಕನ ಕಾಲ್ಚೈನಾಗಿವೆ. ಅದಕ್ಕೆ ನಾವು ಬೇಸರ ಪಡುವಂತಿಲ್ಲ, ಆ ತಾಯಿ ಕೂಡಿಟ್ಟದ್ದೂ ಇಂಥ ದಿನಕ್ಕೇ. ಒಂದು ಚಾರ್‌ಮಿನಾರ್ ರೂಪಾಯಿಯನ್ನು ಅಜ್ಜಿ ಉಳಿಸಿಕೊಂಡಿದ್ದಾರೆ. ನೋಟ್‌ಬುಕ್‌ನಲ್ಲಿ ಮಾತ್ರ ಐದೂ ಇವೆ.

ಸಮುದ್ರದ ತಳದಿಂದ ಬಂದ 85 ಲಕ್ಷ ರೂಪಾಯಿಗಳಿಗೆ ಇಂಥ ಒಂದು ಪುಟವೂ ಸಿಗಲಿಲ್ಲ. ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಒಂದೇ ಒಂದು ಹಳೆಯ ರೂಪಾಯಿ ಇದ್ದರೂ, ಮಾರುವ ಮುಂಚೆ ಅದರ ಪುಟ ಬರೆದಿಡಿ. ನಿಮ್ಮ ಶಾಲೆಯ ಮಕ್ಕಳಿಗೆ ಏನು ಸಿಕ್ಕಿತು ಎಂದು ನಮಗೂ ತಿಳಿಸಿ. ಎಲ್ಲರ ಪುಟಗಳೂ ಸೇರಿದರೆ ಅದೇ ನಮ್ಮ ಸೀಮೆಯ ಇತಿಹಾಸ.